ಎರಡನೇ ಗುಂಡಿ ಇಲ್ಲದ ಕೋಟು

ಜಗ್ಗು ದರ್ಜಿಯ ಅಂಗಡಿಯಿಂದ ಹೊಸ ಕೋಟು ಹೊರಗೆ ಹೋಗಬೇಕಾದರೆ ಮೊದಲು ಒದೆ ತಿನ್ನಬೇಕು. ಹೊಲಿದು ಮುಗಿದ ಕೋಟನ್ನು ಗಿರಾಕಿಯ ಮೈಗೇ ತೊಡಿಸಿ, ಕಾಲರಿಗೆ ಕೈ ಹಾಕಿ, ಕನ್ನಡಿಯಿಂದ ಬಾಗಿಲವರೆಗೆ ದರದರ ಎಳೆದುಕೊಂಡು ಹೋಗಿ ಗೋಡೆಗೆ ಅಪ್ಪಳಿಸುತ್ತಿದ್ದ. ಹೊಲಿಗೆಯ ಒಂದು ಟಾಕು ಬಿಟ್ಟರೂ ಕೋಟು ವಾಪಸು ಮೆಷಿನ್ನಿಗೆ. ಹೀಗೆ ಜಗ್ಗಿ ಜಗ್ಗಿಯೇ ಆ ಅಡ್ಡಹೆಸರು ಬಂದದ್ದು. ಅಪ್ಪ ಇಟ್ಟ ಹೆಸರು ಯಾರಿಗೂ ನೆನಪಿಲ್ಲ.

"ಯುದ್ಧದ ಕೋಟು ಸ್ವಾಮಿ, ಮದುವೆ ಕೋಟಲ್ಲ. ಎಳೆದ್ರೆ ಹರಿಯೋದನ್ನ ಹಾಕ್ಕೊಂಡು ಯಾರನ್ನ ಹೆದರಿಸ್ತೀರಿ?" ಅನ್ನುತ್ತಿದ್ದ.

ಗಿರಾಕಿಗಳು ಬೆನ್ನು ಸವರಿಕೊಳ್ಳುತ್ತ ನಗುತ್ತಿದ್ದರು. ಏಟು ತಿಂದಷ್ಟೂ ಕೋಟಿನ ಮೇಲೆ ಮೋಹ ಹೆಚ್ಚು. ಸೊಳ್ಳೆ ಹೊಡೆಯಲೂ ಹಿಂದೆಮುಂದೆ ನೋಡುವ ಗುಮಾಸ್ತ, ಆ ದಪ್ಪ ಹಸಿರು ಬಟ್ಟೆಯೊಳಗೆ ತೋಳು ತೂರಿಸಿದ್ದೇ ತಡ, ಎದೆ ಉಬ್ಬಿಸಿ, ದವಡೆ ಬಿಗಿದು, ಹೆಂಡತಿಗೆ ಫೋನು ಮಾಡುವ ದನಿಯನ್ನೂ ಬದಲಾಯಿಸಿಬಿಡುತ್ತಿದ್ದ. ಯುದ್ಧ ಕಾಣದವನಿಗೇ ಯುದ್ಧದ ಕೋಟಿನ ಚಪಲ ಜಾಸ್ತಿ.

ಜಗ್ಗು ಹೊಲಿಯುತ್ತಿದ್ದದ್ದು ಒಂದೇ ಮಾದರಿ. ಅವನ ಅಪ್ಪ ಸಿಪಾಯಿಯಾಗಿದ್ದಾಗ ತೊಟ್ಟು, ಮನೆಗೆ ಬಂದ ಮೇಲೂ ಸಾಯುವವರೆಗೆ ಬಿಡದ ಕೋಟು ಅದು. ಅಂಗಡಿಯ ಮೊಳೆಗೆ ನೇತಾಡುತ್ತಿತ್ತು. ಅದು ಎಷ್ಟು ಮಾಸಿದೆಯೋ ಅಷ್ಟೇ ಮಾಸಲು ಬಣ್ಣವನ್ನು ಹೊಸ ಬಟ್ಟೆಗೆ ಹಾಕಿಸುತ್ತಿದ್ದ. ಅದರ ಎಡಜೇಬು ಕೂದಲೆಳೆಯಷ್ಟು ಸೊಟ್ಟ, ಇವನದೂ ಅಷ್ಟೇ ಸೊಟ್ಟ. ಹಿತ್ತಾಳೆ ಗುಂಡಿಗಳನ್ನು ಬೇರೆಯಾಗಿ ಎರಕ ಹೊಯ್ಯಿಸುತ್ತಿದ್ದ. ಮೇಲಿನಿಂದ ಎರಡನೆಯ ಗುಂಡಿ ಮಾತ್ರ ಅಪ್ಪನ ಕೋಟಿನಲ್ಲಿರಲಿಲ್ಲ. ಆ ಜಾಗದಲ್ಲಿ ಬಟ್ಟೆ ಹರಿದು ದಾರ ಜೋಲುಬಿದ್ದಿತ್ತು. "ಗುಂಡು ತಾಗಿ ಹಾರಿಹೋಯ್ತು ಮಗಾ," ಎಂದು ಅಪ್ಪ ಚಿಕ್ಕವನಾಗಿದ್ದ ಜಗ್ಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದ್ದ. ಜಗ್ಗು ಅದನ್ನೇ ಗಿರಾಕಿಗಳಿಗೆ ಹೇಳುತ್ತ, ಪ್ರತಿ ಕೋಟಿನಲ್ಲೂ ಅದೇ ಜಾಗವನ್ನು ಹರಿದು ಬಿಡುತ್ತಿದ್ದ. ಜನ ಮುಗಿಬೀಳುತ್ತಿದ್ದದ್ದೇ ಆ ಹರುಕಿಗೆ. ಗುಂಡಿ ಹೊಲಿಯುವ ಕೆಲಸ ಅಮ್ಮನದು. ಮೂಲೆಯಲ್ಲಿ ಕೂತು ಆ ಒಂದು ಜಾಗ ಬಿಟ್ಟು ಉಳಿದದ್ದೆಲ್ಲ ಹೊಲಿಯುತ್ತಿದ್ದಳು, ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಜಗ್ಗುವಿನ ಅಣ್ಣ ದೂರದ ಗ್ಯಾರೇಜಿನಲ್ಲಿ ಲಾರಿ ಟೈರು ಬಿಚ್ಚುವವನು. ಅಪ್ಪ ಸತ್ತಾಗಲೂ ಬಂದಿರಲಿಲ್ಲ. ಕೊನೆಗೊಂದು ದಿನ ಅಮ್ಮನನ್ನು ನೋಡಲೆಂದು ಬಸ್ಸಿಳಿದು ಪೇಟೆಯಲ್ಲಿ ಬರುತ್ತಿದ್ದರೆ, ಎದುರಿಗೆ ಅಪ್ಪನ ಕೋಟು ನಡೆದುಬಂತು. ಅದೇ ಬಣ್ಣ, ಅದೇ ಸೊಟ್ಟ ಜೇಬು, ಎದೆಯ ಮೇಲೆ ಅದೇ ಖಾಲಿ ಜಾಗ. ಅಣ್ಣನ ತಲೆ ಕೆಟ್ಟುಹೋಯಿತು. ಒಳಗಿದ್ದವನು ಯಾರೋ ಔಷಧಿ ಅಂಗಡಿಯವನು, ಪಾಪ. ಮೊದಲ ಗುದ್ದಿಗೆ ಮೂಗು ಒಡೆಯಿತು, ಮತ್ತೊಂದಕ್ಕೆ ಹಲ್ಲು. ಕೆಳಗೆ ಬಿದ್ದವನ ಎದೆ ಮೇಲೆ ಕೂತು ಅಣ್ಣ ಹೊಡೆಯುತ್ತಲೇ ಇದ್ದ.

"ಬಿಚ್ಚೋ! ಬಿಚ್ಚೋ ಅದನ್ನ! ಎಲ್ಲಿ ಸಿಕ್ತೋ ನಿಂಗೆ?"

ಔಷಧಿ ಅಂಗಡಿಯವನು ರಕ್ತ ಉಗುಳುತ್ತ ಜಗ್ಗುವಿನ ಅಂಗಡಿಯ ಕಡೆ ಕೈ ತೋರಿಸಿದ.

ಅಣ್ಣ ಅಂಗಡಿಗೆ ನುಗ್ಗಿದ. "ಏನೋ ಇದು? ಒಂದು ಪೀಡೆ ಸತ್ತು ತೊಲಗಿತು ಅಂದ್ಕೊಂಡಿದ್ರೆ, ಊರ ತುಂಬಾ ಮರಿ ಹಾಕ್ಸಿದ್ದೀಯಲ್ಲೋ!"

"ಅಣ್ಣಾ, ಬಂದವನು ಮೊದಲು ನೀರು ಕುಡಿ."

ಅಣ್ಣ ಮೊಳೆಯಿಂದ ಕೋಟು ಕಿತ್ತು ಕಂಕುಳಲ್ಲಿ ಇರುಕಿಕೊಂಡ. "ಸುಟ್ಟು ಬೂದಿ ಮಾಡ್ತೀನಿ."

ಆ ಕೋಟು ಹೋದರೆ ಜಗ್ಗುವಿಗೆ ಅನ್ನವೂ ಹೋಯಿತು, ಅಪ್ಪನೂ ಹೋದ. ಬಟ್ಟೆ ಅಳೆಯುವ ಗಜಕಡ್ಡಿ ಎತ್ತಿ ಅಣ್ಣನ ಮಣಿಕಟ್ಟಿಗೆ ಬಾರಿಸಿದ, ಕಡ್ಡಿಯೇ ಮುರಿಯಿತು. ಅಣ್ಣ ಒಂದೇ ಕೈಯಲ್ಲಿ ಅವನ ಕಾಲರು ಹಿಡಿದು ಎಳೆದು ಕನ್ನಡಿಗೆ ಅಪ್ಪಳಿಸಿದ. ಕನ್ನಡಿ ಪುಡಿಯಾಯಿತು, ಜಗ್ಗುವಿನ ಹಣೆ ಸೀಳಿತು. ಅವನೂ ತನ್ನದೇ ಹೊಲಿಗೆಯ ಕೋಟು ತೊಟ್ಟಿದ್ದ. ಕಣ್ಣಿಗೆ ರಕ್ತ ಇಳಿಯುತ್ತಿದ್ದರೂ ಕಿರುಚಿದ, "ನೋಡು! ಒಂದು ಟಾಕು ಬಿಟ್ಟಿತಾ? ಬಿಟ್ಟಿತೇನೋ?"

ಅಣ್ಣ ಅವನ ಕೆನ್ನೆಯನ್ನು ಕಾದ ಇಸ್ತ್ರಿಪೆಟ್ಟಿಗೆಯ ಹತ್ತಿರ ಒತ್ತಿ ಹಿಡಿದ. "ಹೇಳು, ಆ ಗುಂಡಿ ಎಲ್ಲಿ ಹೋಯ್ತು?"

"ಗುಂಡು ತಾಗಿ..."

"ಗುಂಡಂತೆ ಗುಂಡು! ಅಮ್ಮನ್ನ ಗೋಡೆಗೆ ಒತ್ತಿ ಕುತ್ತಿಗೆ ಹಿಸುಕ್ತಿದ್ದನೋ ನಿನ್ನಪ್ಪ. ಉಸಿರಿಗೆ ಒದ್ದಾಡ್ತಾ ಅವಳು ಕಿತ್ತದ್ದು ಅದು. ನಾನು ಕಣ್ಣಾರೆ ನೋಡಿದೀನಿ. ನೀನು ತೊಟ್ಟಿಲಲ್ಲಿದ್ದೆ."

ಜಗ್ಗು ಓರೆಗಣ್ಣಿನಲ್ಲೇ ಅಮ್ಮನನ್ನು ಹುಡುಕಿದ.

ಅಮ್ಮ ಸೂಜಿಯನ್ನು ಸೆರಗಿಗೆ ಚುಚ್ಚಿ ಎದ್ದು ಬಂದಳು. ದೊಡ್ಡವನ ಕಂಕುಳಿನಿಂದ ಕೋಟು ಎಳೆದುಕೊಂಡು ಕೆನ್ನೆಗೆ ಚಟಾರನೆ ಒಂದು ಬಿಟ್ಟಳು. "ಸುಡೋಕೆ ನೀನ್ಯಾರೋ?" ಚಿಕ್ಕವನಿಗೂ ಒಂದು. "ಸುಳ್ಳು ಹೇಳ್ಕೊಂಡು ಮಾರೋಕೆ ನೀನ್ಯಾರೋ? ನಿಮ್ಮಪ್ಪನಿಗೆ ನಾನು ತಿರುಗಿಬಿದ್ದದ್ದಕ್ಕೆ ಗುರುತು ಇದೊಂದೇ. ಒಂದೊಂದು ಕೋಟಲ್ಲೂ ಆ ಜಾಗ ಖಾಲಿ ಬಿಡೋವಾಗ ಇನ್ನೊಂದು ಸಲ ಕಿತ್ತ ಹಾಗಾಗತ್ತೆ ನಂಗೆ. ಇದನ್ನ ಸುಟ್ರೆ ನಂದೂ ಸುಟ್ಟುಹೋಗತ್ತೆ."

"ಮತ್ತೆ ಇಷ್ಟು ವರ್ಷ ಯಾಕಮ್ಮ ಸುಮ್ನಿದ್ದೆ?" ಜಗ್ಗು ಹಣೆಯ ರಕ್ತ ಒರೆಸಿಕೊಂಡ.

"ಅಪ್ಪ ಅಂದ್ರೆ ನಿಂಗೆ ಪ್ರಾಣ. ಏನಂತ ಹೇಳಲಿ?"

ಅಷ್ಟರಲ್ಲಿ ಔಷಧಿ ಅಂಗಡಿಯವನ ದೂರಿನ ಮೇಲೆ ಪೊಲೀಸರು ಬಂದು ಅಣ್ಣನನ್ನು ಕರೆದುಕೊಂಡು ಹೋದರು. ಕೋಟು ಮತ್ತೆ ಮೊಳೆಗೇರಿತು. ಈಗ ಅದರ ತೋಳಿಗೆ ಜಗ್ಗುವಿನ ರಕ್ತವೂ ಅಂಟಿತ್ತು. ಹಣೆಯ ಗಾಯ ಮಾಯುವ ಮೊದಲೇ ಇನ್ನೊಬ್ಬ ಗಿರಾಕಿ ಬಂದ. ಹೊಸದಾಗಿ ಹೊಲಿದ ಕೋಟು ತೊಟ್ಟು, ಅದರ ಹರುಕಿನೊಳಗೆ ಬೆರಳಾಡಿಸುತ್ತ ಕೇಳಿದ, "ಗುಂಡು ತಾಗಿದ್ದಾ?"

"ಅಲ್ಲ. ನಮ್ಮಮ್ಮ ಕಿತ್ತದ್ದು."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಹೆಂಗಸು ಕಿತ್ತ ಕೋಟು ಯಾವ ಗಂಡಸಿಗೆ ಬೇಕ್ರೀ! ಗುಂಡು ಅಂತಲೇ ಹೇಳಿ, ಎಲ್ಲರಿಗೂ ಮರ್ಯಾದೆ."

ಜಗ್ಗು ಕಾಲರಿಗೆ ಕೈ ಹಾಕಿದ. ಎಂದಿನಂತೆ ಬಾಗಿಲವರೆಗೆ ಎಳೆದ, ಆದರೆ ಅಲ್ಲಿ ನಿಲ್ಲಲಿಲ್ಲ. ಕೋಟನ್ನು ಮೈಯಿಂದ ಸುಲಿದುಕೊಂಡು, ಸೊಂಟಕ್ಕೆ ಒಂದು ಒದ್ದು, ಮೆಟ್ಟಿಲ ಕೆಳಗೆ ಉರುಳಿಸಿದ. ಅವನು ಮೊಣಕೈ ತರಚಿಕೊಂಡು, ಬೈದುಕೊಳ್ಳುತ್ತ ಓಡಿದ.

ಅಮ್ಮ ತಲೆಯೆತ್ತದೆ ಹಲ್ಲಿನಿಂದ ದಾರ ಕಡಿದಳು. "ಕೋಟು ಹರೀಲಿಲ್ಲ ತಾನೇ?"

ಜಗ್ಗು ಭುಜದ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿದ. "ಒಂದು ಟಾಕೂ ಬಿಟ್ಟಿಲ್ಲಮ್ಮ."