ಜೈಲಿನ ಟೈಲರ್ ಮಾಸ್ಟ್ರು

ಮಾಸ್ಟ್ರ ಬಲಗೈ ಹೆಬ್ಬೆರಳು ಕತ್ತರಿಯ ಹಿಡಿಕೆಗೆ ಉಜ್ಜಿ ಉಜ್ಜಿ ಬುಡದಲ್ಲಿ ಜಡ್ಡುಗಟ್ಟಿ ಕಪ್ಪಾಗಿತ್ತು. ಜೈಲಿನ ಹೊಲಿಗೆ ಕೋಣೆಗೆ ನನ್ನನ್ನು ಹಾಕಿದಾಗ ನನಗೆ ಹತ್ತೊಂಬತ್ತು ವರ್ಷ. ಎಪ್ಪತ್ತರ ದಶಕದ ನಡುವಿನ ಮಾತು. ಕಾಪುವಿನ ಕಡಲ ತಡಿಯಲ್ಲಿ, ಬಲೆ ಹರಿದ ಜಗಳಕ್ಕೆ, ದೋಣಿಯ ಹುಟ್ಟಿನಿಂದ ಹೊಡೆದು ಒಬ್ಬನ ಕಣ್ಣು ಕಳೆದಿದ್ದೆ. ಮಾಸ್ಟ್ರು ಕಾರ್ಕಳದಲ್ಲಿ ಟೈಲರ್ ಆಗಿದ್ದವರು. ಜಾಗದ ತಕರಾರಿನಲ್ಲಿ ಒಡಹುಟ್ಟಿದ ತಮ್ಮನನ್ನೇ ಕಡಿದು ಬಂದಿದ್ದರು. ಅವರನ್ನು ನೋಡಲು ಯಾರೂ ಬರುತ್ತಿರಲಿಲ್ಲ.

"ಎಂತ ಮಾಡಿ ಬಂದದ್ದು?" ಮೊದಲ ದಿನವೇ ಕೇಳಿದರು.

"ಎಂತದೂ ಮಾಡಲಿಲ್ಲ. ಸುಮ್ಮನೆ ಹಿಡಿದು ಹಾಕಿದರು."

"ಹೌದಾ" ಎಂದು ಹರಿದ ಚಡ್ಡಿಗಳ ರಾಶಿಯನ್ನು ನನ್ನತ್ತ ತಳ್ಳಿದರು.

ಆರು ತಿಂಗಳು ನಾನು ಹೊಲಿದದ್ದನ್ನೆಲ್ಲ ಬಿಚ್ಚಿಸಿದರು. ಬಯ್ಯುತ್ತಿರಲಿಲ್ಲ. "ಬಿಚ್ಚು ಮಾರಾಯ, ನಮಗೆ ಸಮಯ ಉಂಟಲ್ಲ" ಎನ್ನುತ್ತಿದ್ದರು.

ಅಮ್ಮ ತಿಂಗಳಿಗೊಮ್ಮೆ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಮಗನದು ತಪ್ಪಿಲ್ಲವೆಂದು ಊರೆಲ್ಲ ಹೇಳಿಕೊಂಡು, ಕಣ್ಣು ಹೋದವನ ಮನೆಯವರೊಂದಿಗೆ ಜಗಳವಾಡುತ್ತಿದ್ದಳು. ಅದನ್ನು ನಾನು ಹೇಳಿದಾಗ ಮಾಸ್ಟ್ರು ಮೆಷಿನು ನಿಲ್ಲಿಸಿದರು.

"ಹೊಡೆದದ್ದು ನೀನೇ ಅಲ್ವಾ?"

ನಾನು ಕೈಯಲ್ಲಿದ್ದ ಚಡ್ಡಿಯ ನೂಲು ಎಳೆಯತೊಡಗಿದೆ.

"ತಮ್ಮನನ್ನು ಕೊಂದದ್ದು ನಾನೇ ಅಂತ ಹೇಳಲಿಕ್ಕೆ ನನಗೆ ಎರಡು ವರ್ಷ ಬೇಕಾಯಿತು. ಅಷ್ಟರಲ್ಲಿ ತಾಯಿ ತೀರಿಹೋಗಿದ್ದರು. ನಿನ್ನ ತಾಯಿ ಇದ್ದಾರಲ್ಲ, ಹೇಳಿಬಿಡು."

ಹೇಳಿದೆ. ಅಮ್ಮ ಎದ್ದುಹೋದಳು. ನಾಲ್ಕು ತಿಂಗಳು ಬರಲಿಲ್ಲ. ಆ ದಿನಗಳಲ್ಲಿ ಮಾಸ್ಟ್ರು ಕೊಟ್ಟ ಬೀಡಿಯನ್ನೂ ನಾನು ಮುಟ್ಟಲಿಲ್ಲ, ಅಷ್ಟು ಸಿಟ್ಟಿತ್ತು. ಐದನೆಯ ತಿಂಗಳು ಬಂದ ಅಮ್ಮ, "ಅವರ ಮನೆಗೆ ಹೋಗಿ ಕೈಮುಗಿದು ಬಂದೆ" ಎಂದಳು. ಅಂದು ಜೈಲಿನಲ್ಲಿ ಮೊದಲ ಸಲ ನನಗೆ ಸರಿಯಾಗಿ ನಿದ್ದೆ ಬಂತು.

ಬಿಡುಗಡೆಯಾದ ಮೇಲೆ ಮಣಿಪಾಲದಲ್ಲಿ ಸಣ್ಣ ಅಂಗಡಿ ಹಾಕಿ, ಡಾಕ್ಟರಿಕೆ ಓದುವ ಮಕ್ಕಳ ಬಿಳಿ ಕೋಟು ಹೊಲಿದು ಹೊಟ್ಟೆ ಹೊರೆದೆ. ಅಮ್ಮ ತೀರಿಕೊಂಡ ಮೇಲೆ ಮದುವೆಯಾಯಿತು. ಹೆಂಡತಿ ದೂರದ ಊರಿನವಳು. ಕೆಲಸ ಕಲಿತದ್ದು ಬೊಂಬಾಯಿಯಲ್ಲಿ ಎಂದು ಅವಳಿಗೆ ಹೇಳಿದ್ದೆ.

ಎಂಬತ್ತರ ದಶಕದ ಒಂದು ಬೆಳಿಗ್ಗೆ ಪರಿಚಯದ ಜೈಲು ವಾರ್ಡರ್ ಒಬ್ಬರು ಅಂಗಡಿಗೆ ಬಂದರು. "ಮಾಸ್ಟ್ರು ಹೋದರು. ಹೆಣ ಕೊಂಡುಹೋಗಲಿಕ್ಕೆ ಯಾರೂ ಇಲ್ಲ."

ಕೋಟಿಗೆ ಗುಂಡಿ ಹಾಕುತ್ತಿದ್ದ ಹೆಂಡತಿ ಕೇಳಿದಳು: "ಯಾವ ಮಾಸ್ಟ್ರು?"

ಇನ್ನೊಂದು ಸುಳ್ಳು ಹೇಳುವ ತ್ರಾಣ ನನ್ನಲ್ಲಿರಲಿಲ್ಲ. "ನನಗೆ ಕೆಲಸ ಕಲಿಸಿದವರು. ಜೈಲಿನಲ್ಲಿ. ನಾನು ಅಲ್ಲಿ ನಾಲ್ಕು ವರ್ಷ ಇದ್ದೆ."

ಅವಳು ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಆಮೇಲೆ ಎದ್ದು ಅಂಗಡಿಯ ಬಾಗಿಲ ಹಲಗೆಗಳನ್ನು ಒಂದೊಂದಾಗಿ ಹಾಕತೊಡಗಿದಳು.

"ಹೊರಡುವ," ಎಂದಳು. "ಕೊಳ್ಳಿ ಇಡಲಿಕ್ಕೆ ಒಬ್ಬರು ಬೇಕಲ್ಲ."