ಜೋಡಿ ಬೆಳಕು, ಒಬ್ಬ ತಮ್ಮ

ನನ್ನ ತಮ್ಮಂದಿರು ಅವಳಿ. ದೊಡ್ಡವನು ಮೀನಿನ ಬೋಟಿಗೆ ಹೋಗುತ್ತಿದ್ದ, ಸಣ್ಣವನು ಬೋಟು ನಿಲ್ಲುವ ಧಕ್ಕೆಯ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದ. ಒಂದು ಗಾಳಿಯ ದಿನ ದೊಡ್ಡವನು ಬೋಟಿನಿಂದ ನೀರಿಗೆ ಬಿದ್ದ. ಜೊತೆಯವರು ಹುಡುಕಿ ಹುಡುಕಿ ಸೋತು ಬಂದರು. ಹೆಣ ಸಿಗಲಿಲ್ಲ. ಹೆಣ ಸಿಗದ ಮನೆಯಲ್ಲಿ ಬಾಯಿಬಿಟ್ಟು ಅಳುವ ಹಾಗೂ ಇಲ್ಲ, ಅವನು ಬದುಕಿದ್ದಾನೆ ಎಂದು ಅಮ್ಮ ಬಿಡುತ್ತಿರಲಿಲ್ಲ.

ನಾನು ಬಲ್ಮಠದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಅಲ್ಲಿಯ ಕತ್ತಲೆ ಕೋಣೆಯಲ್ಲಿ ಲೇಸರನ್ನು ಒಂದು ಹರಳಿನ ಮೇಲೆ ಬಿಟ್ಟು ಬೆಳಕಿನ ಕಣಗಳ ಜೋಡಿ ಹುಟ್ಟಿಸುತ್ತೇವೆ. ಎರಡೂ ಬೇರೆ ಬೇರೆ ದಾರಿ ಹಿಡಿದರೂ ಒಂದಕ್ಕೊಂದು ಹೆಣೆದುಕೊಂಡೇ ಇರುತ್ತವೆ. ಒಂದನ್ನು ಅಳೆದರೆ ಸಾಕು, ಇನ್ನೊಂದು ಎಷ್ಟೇ ದೂರವಿರಲಿ, ಅದನ್ನು ಅಳೆದವರಿಗೆ ಏನು ಸಿಗುತ್ತದೆಂದು ಹೇಳಬಹುದು. ಜೆಪ್ಪುವಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ಇದನ್ನು ಫೋನಿನಲ್ಲಿ ಒಬ್ಬಳು ವಿದ್ಯಾರ್ಥಿನಿಗೆ ಹೇಳುತ್ತಿದ್ದೆ. ಬೂತಾಯಿ ಮೀನು ಶುಚಿ ಮಾಡುತ್ತಿದ್ದ ಅಮ್ಮನ ಕೈ ನಿಂತಿತು.

“ಅವು ಅವಳಿಯಾ?” ಎಂದಳು.

“ಹೆಚ್ಚುಕಡಿಮೆ,” ಎಂದೆ.

ಆಮೇಲೆ ಶುರುವಾಯಿತು. ಸಣ್ಣವನು ಸೀನಿದರೆ ದೊಡ್ಡವನು ಎಲ್ಲೋ ಒದ್ದೆಯಾಗಿದ್ದಾನೆ ಎಂದು ಇವನ ಒಣತಲೆಯನ್ನೇ ಬೈರಾಸಿನಿಂದ ತಿಕ್ಕಿ ಒರೆಸುವಳು. ಹೊಟ್ಟೆ ತುಂಬಿದೆ ಎಂದರೂ ಬಿಡದೆ ಮತ್ತೊಂದು ಸೌಟು ಗಂಜಿ ಸುರಿಯುವಳು. “ನೀನು ಉಂಡರೆ ಅವನಿಗೂ ಮುಟ್ತದೆ ಮಗಾ.” ಮಳೆಗಾಲದ ಆಟಿ ತಿಂಗಳಲ್ಲಿ ತೀರಿಹೋದವರಿಗೆ ಬಾಳೆಲೆ ಹಾಕಿ ಬಡಿಸುವುದು ನಮ್ಮಲ್ಲಿ ಕ್ರಮ. ಈ ವರ್ಷವಾದರೂ ಅವನಿಗೊಂದು ಎಲೆ ಹಾಕು ಎಂದು ಚಿಕ್ಕಮ್ಮ ಹೇಳಿದಾಗ, ಅಮ್ಮ ಸಣ್ಣವನನ್ನು ರಟ್ಟೆ ಹಿಡಿದು ಎದುರಿಗೆ ನಿಲ್ಲಿಸಿದಳು. “ಇವನು ಗಟ್ಟಿಮುಟ್ಟಾಗಿ ಇದ್ದಾನಲ್ಲ, ಕಾಣುವುದಿಲ್ಲವಾ?” ಚಿಕ್ಕಮ್ಮ ಚಪ್ಪಲಿ ಮೆಟ್ಟಿ ಹೋದರು. ನನಗೆ ಮೂಗಿನ ತುದಿಯಲ್ಲೇ ಕೋಪ, ಆದರೆ ಆ ದಿನ ಭಯವಾಯಿತು.

ಸಣ್ಣವನಿಗೆ ಜ್ವರ ಬಂದಾಗ ಅಮ್ಮ ಅವನ ಹಣೆ ಮುಟ್ಟಿ ಅಣ್ಣನ ಹೆಸರು ಹಿಡಿದು ಅತ್ತಳು. ಜ್ವರ ಬಿಟ್ಟ ಮೇಲೆ ಅವನು ನನ್ನಲ್ಲಿಗೆ ಬಂದ. ಕಣ್ಣು ಗುಳಿಬಿದ್ದಿತ್ತು.

“ಅಕ್ಕ, ಅಮ್ಮ ನನ್ನನ್ನು ನೋಡುವುದೇ ಇಲ್ಲ. ನನ್ನಲ್ಲಿ ಅವನನ್ನು ನೋಡ್ತಾಳೆ. ನಿನ್ನ ಲ್ಯಾಬಿನ ಮೆಷಿನ್ ಒಮ್ಮೆ ಅವಳಿಗೆ ತೋರಿಸು ಮಾರಾಯ್ತಿ. ನನಗೆ ನಾನಾಗಿ ಇದ್ದರೆ ಸಾಕು.”

ಒಂದು ಭಾನುವಾರ ಇಬ್ಬರನ್ನೂ ಕಾಲೇಜಿಗೆ ಕರೆದುಕೊಂಡು ಹೋದೆ. ಕೋಣೆ ಕತ್ತಲೆ ಮಾಡಿ ಕಂಪ್ಯೂಟರಿನ ಬೆಳಕು ತಗ್ಗಿಸಿದೆ. ಪರದೆಯ ಮೇಲೆ ಮೂರು ಅಂಕಿ ಓಡುತ್ತಿದ್ದವು: ಈಚೆ ಬಂದ ಕಣಗಳು, ಆಚೆ ಬಂದವು, ಮತ್ತೆ ಒಟ್ಟಿಗೇ ಬಂದ ಜೋಡಿಗಳು. ಅಮ್ಮನ ಕೈ ಹಿಡಿದು ಈಚೆಯ ದಾರಿಗೆ ಅಡ್ಡ ಇಟ್ಟೆ. ಈಚೆಯ ಅಂಕಿ ಕುಸಿಯಿತು, ಜೋಡಿಗಳ ಅಂಕಿಯೂ ಕುಸಿಯಿತು. ಆಚೆಯದು ಮೊದಲಿನ ಹಾಗೆಯೇ ಓಡುತ್ತಿತ್ತು.

“ಅದಕ್ಕೆ ಗೊತ್ತೇ ಆಗಲಿಲ್ಲವಾ?”

“ಇಲ್ಲಮ್ಮ. ಇದು ಇಲ್ಲದಾದರೂ ಅದು ತನ್ನಷ್ಟಕ್ಕೆ ಬರ್ತಾ ಇರ್ತದೆ. ಅದೊಂದನ್ನೇ ಎಷ್ಟು ನೋಡಿದರೂ ಇದು ಉಂಟಾ ಇಲ್ಲವಾ ಅಂತ ಹೇಳ್ಲಿಕ್ಕೆ ಆಗುವುದಿಲ್ಲ.”

ಅಮ್ಮ ಕೈ ತೆಗೆದಳು, ಮತ್ತೆ ಇಟ್ಟಳು. ಅಂಕಿ ಏರಿತು, ಇಳಿಯಿತು. ಮೀನು ಮಾರಿ, ಲೆಕ್ಕ ಹಾಕಿ ಬದುಕಿದವಳು ಅವಳು, ಅರ್ಥವಾಗದೆ ಇರಲಿಲ್ಲ. ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕುರ್ಚಿಯಲ್ಲಿ ಕುಸಿದಳು. ನಾನು ಗೆದ್ದೆ ಅಂದುಕೊಂಡೆ, ನಾಚಿಕೆಗೇಡು. ಆಮೇಲೆ ಅವಳು ಕತ್ತಲೆಯಲ್ಲಿ ಸಣ್ಣವನ ಕಡೆ ತಿರುಗಿದಳು.

“ಹಾಗಾದ್ರೆ ಇಷ್ಟು ದಿನ ನಾನು ಬಡಿಸಿದ್ದೆಲ್ಲ ಬರೀ ಇವನ ಹೊಟ್ಟೆಗೆ ಹೋದದ್ದಾ?”

ತಮ್ಮ ಅವಳ ಕುರ್ಚಿಯ ಪಕ್ಕ ನೆಲದಲ್ಲಿ ಕೂತ.

“ನನಗೂ ಹಸಿವು ಉಂಟಲ್ಲಮ್ಮ,” ಎಂದ.