ಬಿಚ್ಚಿಟ್ಟ ಹಿಡಿಕೆ

ನಾನು ಚಿಕ್ಕವನಿದ್ದಾಗಿನ ಎಷ್ಟೋ ಸಂಗತಿಗಳನ್ನು ನಿಮಗೆ ಹೇಳಿದ್ದೇನೆ, ಮಕ್ಕಳೇ. ಇದೊಂದನ್ನು ಮಾತ್ರ ನೀವು ಇನ್ನಷ್ಟು ದೊಡ್ಡವರಾಗಲಿ ಎಂದು ಮುಂದೂಡುತ್ತ ಬಂದೆ. ನಿಜವೆಂದರೆ ನನಗೇ ಧೈರ್ಯವಿರಲಿಲ್ಲ.

ಸಿಂಧನೂರು ಸೀಮೆಯ ನಮ್ಮೂರಲ್ಲಿ ಸರಕಾರದ ಕೈಪಂಪು ನಮ್ಮ ಮನೆ ಮುಂದಿತ್ತು. ಬೋರಿಂಗ್ ಅನ್ನುತ್ತಿದ್ದೆವು. ಕಾಲುವೆಯಾಚೆಯ ಕೇರಿಯವರು ಅದನ್ನು ಮುಟ್ಟುವಂತಿರಲಿಲ್ಲ. ನಾವು ಪಂಪು ಹೊಡೆದು ಅವರ ಕೊಡಕ್ಕೆ ನೀರು ಬಿಟ್ಟರೆ ಉಂಟು, ಇಲ್ಲದಿದ್ದರೆ ಕಾಲುವೆ ನೀರೇ ಗತಿ.

ಆ ಬೇಸಿಗೆ ಕಾಲುವೆ ಬಂದ್ ಆಯಿತು. ತಳದ ಗುಂಡಿಗಳಲ್ಲಿ ಹಸಿರು ನೀರು ಉಳಿಯಿತು. ಎಮ್ಮೆಗಳೂ ಅದರಲ್ಲೇ, ಕೊಡಗಳೂ ಅದರಲ್ಲೇ. ಕೇರಿಯಲ್ಲಿ ವಾಂತಿಭೇದಿ ಹಬ್ಬಿತು. "ಅಮ್ಮ ಬಂದಾಳ" ಎಂದು ದೊಡ್ಡವರು ಪಿಸುಗುಟ್ಟಿದರು, ಬಾಗಿಲಿಗೆಲ್ಲ ಬೇವಿನ ಸೊಪ್ಪು ಕಟ್ಟಿದರು. ಅಪ್ಪ ಬೋರಿಂಗಿನ ಹಿಡಿಕೆ ಬಿಚ್ಚಿ ತಂದು ಜೋಳದ ಚೀಲದ ಹಿಂದಿಟ್ಟ. ನಮಗೆ ನೀರು ಬೇಕಾದಾಗಷ್ಟೇ ಹಾಕುವುದು.

"ಅವರ ಬ್ಯಾನಿ ನಮ್ಮ ನೀರಿಗೆ ಹತ್ತಬಾರ್ದು. ಯಾರ್ ಕೇಳಿದ್ರೂ ಗೊತ್ತಿಲ್ಲ ಅನ್ಬೇಕಲೇ."

ಮರುದಿನ ಮಧ್ಯಾಹ್ನ ಅಪ್ಪ ಹೊಲಕ್ಕೆ ಹೋಗಿದ್ದ, ನಾನು ಬಾಗಿಲಾಚೆ ಕಟ್ಟೆಯ ಮೇಲೆ ಆಡುತ್ತ ಕೂತಿದ್ದೆ. ಒಂದು ನಾಯಿಯೂ ಬೊಗಳುತ್ತಿರಲಿಲ್ಲ. ಬೋರಿಂಗಿನ ಬರಿಬಾಯಿಗೆ ಬಿಸಿಗಾಳಿ ಹೊಕ್ಕು, ನೆಲದೊಳಗೆ ಯಾರೋ ನರಳಿದಂತೆ ಕೇಳುತ್ತಿತ್ತು. ತಲೆಯೆತ್ತಿದರೆ ಎದುರಿಗೆ, ನಮ್ಮ ಹೊಲದಲ್ಲಿ ಕಳೆ ತೆಗೆಯುವ ಹೆಂಗಸು. ಬಂದದ್ದು ಗೊತ್ತೇ ಆಗಿರಲಿಲ್ಲ. ಸೊಂಟದ ಮೇಲಿನ ಕೂಸಿನ ಕಣ್ಣುಗಳು ಒಳಕ್ಕಿಳಿದಿದ್ದವು, ನೊಣ ಕೂತರೂ ರೆಪ್ಪೆ ಆಡಲಿಲ್ಲ.

"ಸಣ್ಣ ಗೌಡ್ರ, ಒಂದ್ ಚರಿಗಿ ನೀರ್ರೀ. ಡಾಕ್ಟ್ರು ಪುಡಿ ಕೊಟ್ಟಾರ, ಚಲೋ ನೀರಾಗ ಕಲಸಿ ಕುಡ್ಸು ಅಂದಾರ."

"ಒಳಗ ಬಾರಲೇ, ಆಕಿ ನೆರಳು ಬಿದ್ದೀತು!" ಅಕ್ಕ ಅಡುಗೆಮನೆಯಿಂದ ಕೂಗಿದಳು.

"ಹಿಡಿಕಿ ಎಲ್ಲೈತೋ ನಂಗೊತ್ತಿಲ್ಲ" ಎಂದೆ.

ಆಕೆ ನಕ್ಕಳು. "ಜ್ವಾಳದ ಹಗೇವಿನ್ಯಾಗಿನ ಇಲೀನೂ ಹುಡುಕಿ ತೆಗಿಯಾಂವ ನೀ. ಹಿಡಿಕಿ ಗೊತ್ತಿಲ್ಲೇನೋ ನನ್ನಪ್ಪಾ?"

ನಾನು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದೆ. ಸಂದಿಯಿಂದ ನೋಡಿದೆ. ಆಕೆ ಕಾಲುವೆಗಿಳಿದು, ಎಮ್ಮೆಗಳನ್ನು ಸರಿಸಿ, ಆ ಹಸಿರು ನೀರಿನಲ್ಲೇ ಪುಡಿ ಕಲಸಿದಳು.

ಸಂಜೆ ಕೇರಿಯಿಂದ ಒಂದು ಚೀರಾಟ ಕೇಳಿತು. ಆ ಕೂಸು ಹೋಗಿತ್ತು. ಮಧ್ಯಾಹ್ನ ನಾನು ಆಕೆಗೆ ಹೇಳಿದ್ದನ್ನು ಅಕ್ಕ ತಿಳಿಸಿದಾಗ ಅಪ್ಪ "ಶಾಣ್ಯಾ" ಎಂದು ನನ್ನ ತಲೆ ಸವರಿದ. ಹಿಡಿಕೆ ಮತ್ತೆ ಕೂರಿಸಿದ ಮೇಲೂ ನೆಲದೊಳಗಿನ ಆ ನರಳಾಟ ನನಗೊಬ್ಬನಿಗೇ ಕೇಳುತ್ತಿತ್ತು.

ಈಗ ನಿಮಗೆ ಭೇದಿಯಾದರೆ ನಿಮ್ಮಮ್ಮ ಫಿಲ್ಟರ್ ನೀರಿನಲ್ಲಿ ಅದೇ ಪುಡಿ ಕಲಸುತ್ತಾಳೆ. ನೀವು "ಉಪ್ಪು ಉಪ್ಪು" ಎಂದು ಮುಖ ಕಿವುಚುತ್ತೀರಿ, ಸಂಜೆಗೆ ಅಂಗಳದಲ್ಲಿ ಓಡುತ್ತೀರಿ. ಆ ಕೂಸಿಗೂ ಬೇಕಿದ್ದದ್ದು ಅಷ್ಟೇ. ಮುಂದೆ ಎಷ್ಟೋ ವರ್ಷ ಆ ತಾಯಿ ನಮ್ಮ ಹೊಲಕ್ಕೆ ಬಂದಳು. ತಪ್ಪಾಯಿತು ಎಂದು ನಾನು ಒಮ್ಮೆಯೂ ಹೇಳಲಿಲ್ಲ. ಆಕೆಯ ಹೆಸರು ಹುಲಿಗೆಮ್ಮ.